ತೊಲೆಯ ಮೇಲಿನ ಹಗ್ಗದ ಗೆರೆ

ಹುನಗುಂದದಲ್ಲಿ ರೊಟ್ಟಿ ನೀಲಾಬಾಯಿ ಎಂದರೆ ಗೊತ್ತಿಲ್ಲದವರಿಲ್ಲ. ಖಾನಾವಳಿಗಳಿಗೆ ಜೋಳದ ರೊಟ್ಟಿ ಬಡಿದು ಕೊಟ್ಟು ಬಾಳುವೆ ನಡೆಸಿದ ಹೆಣ್ಣುಮಗಳು. ಆದರೆ ಅವಳ ಹೆಸರು ಊರ ತುಂಬ ಓಡಾಡುವುದು ರೊಟ್ಟಿಗಿಂತ ಹೆಚ್ಚು ಅವಳ ಪ್ರಶ್ನೆಗಳಿಂದ. ಬಸ್ಸಿನಲ್ಲಿ ಪಕ್ಕದಲ್ಲಿ ಕೂತವರ ಊರು, ಕೇರಿ, ಸೊಸೆಯ ಗುಣ, ಎಮ್ಮೆಯ ಹಾಲು ಎಲ್ಲ ಕೇಳಿ ಮುಗಿಸದೆ ಇಳಿಯುವವಳಲ್ಲ. ‘ನೀಲಕ್ಕ ಸತ್ತ ಮ್ಯಾಲ ಯಮನ್ನೂ ಯಾವೂರಂವ ಅಂತ ಕೇಳ್ತಾಳ’ ಎಂದು ಓಣಿಯವರು ನಗುತ್ತಿದ್ದರು. ಅವಳೂ ನಗುತ್ತಿದ್ದಳು. ಕೇಳಿದರೆ ಏನು ಗಂಟು ಹೋಗುತ್ತದೆ ಹೇಳಿ.

ಗಂಡ ತೀರಿಕೊಂಡ ಮೇಲೆ ಬಾಡಿಗೆ ಮನೆ ಬದಲಿಸಿ ಬದಲಿಸಿ ಸಾಕಾಗಿತ್ತು. ಎಲ್ಲಿ ಹೋದರೂ ಒಂದೇ ತಕರಾರು: ಬೆಳಗಿನ ಜಾವ ಟಪಟಪ ಸಪ್ಪಳ, ಒಲೆಯ ಹೊಗೆ. ಈಗಿನ ಮಾಲೀಕನೂ ದೀಪಾವಳಿಯೊಳಗೆ ಖಾಲಿ ಮಾಡು ಎಂದಿದ್ದ. ಯಾರ ಅಪ್ಪಣೆಯೂ ಬೇಡದೆ ರೊಟ್ಟಿ ಬಡಿಯುವ ಒಂದು ಸ್ವಂತ ಪಡಸಾಲೆ, ಅಷ್ಟೇ ಅವಳ ಆಸೆ. ಅದೂ ಕೈಗೆ ಬಂದ ಹಾಗೆಯೇ ಇತ್ತು. ಬೀರಪ್ಪನ ಗುಡಿಯ ಹಿಂದಿನ ತಮ್ಮ ಅಪ್ಪನ ಹಳೆಯ ಮನೆಯನ್ನು, ಬೇರೆ ಕಡೆ ಹೊಸ ಮನೆ ಕಟ್ಟಿಸುತ್ತಿದ್ದ ಮಾಳಿಂಗರಾಯ ಮತ್ತು ಪ್ರಭುಲಿಂಗ ಎಂಬ ಅಣ್ಣತಮ್ಮಂದಿರು ಮಾರಲಿಕ್ಕೆ ಇಟ್ಟಿದ್ದರು. ಮಾತು ಮುಗಿದು ಮುಂಗಡವಾಗಿ ಇಸಾರ ಕೊಟ್ಟಾಗಿತ್ತು. ಪುರಸಭೆಯ ಆಸ್ತಿ ಉತಾರದಲ್ಲಿ ಇಬ್ಬರ ಹೆಸರೂ ಇತ್ತು, ಸಾಲ ಬೋಜಾ ಏನೂ ಇರಲಿಲ್ಲ. ವಾರಸುದಾರರು ಎಷ್ಟು ಮಂದಿ ಎಂದು ವಕೀಲ ಬಸಯ್ಯನವರು ಕೇಳಿದಾಗ ಅಣ್ಣತಮ್ಮಂದಿರು ‘ಅಪ್ಪ-ಅವ್ವ ಇಲ್ಲ, ನಾವಿಬ್ಬರ ರೀ’ ಎಂದಿದ್ದರು. ನೋಂದಣಿಯೊಂದೇ ಬಾಕಿ.

ಒಲೆ ಎಲ್ಲಿ ಹೂಡಬೇಕು ಎಂದು ನೋಡಲು ನೀಲಾಬಾಯಿ ಮತ್ತೊಮ್ಮೆ ಆ ಮನೆಗೆ ಹೋದಳು, ಮಾಳಿಂಗರಾಯ ಜೊತೆಗಿದ್ದ. ಹೊಗೆ ಹೋಗುವ ಗವಾಕ್ಷಿ ಹುಡುಕುತ್ತ ಕತ್ತೆತ್ತಿದಾಗ ಪಡಸಾಲೆಯ ತೊಲೆ ಕಣ್ಣಿಗೆ ಬಿತ್ತು. ಮಸಿ ಹಿಡಿದು ಕಪ್ಪಾದ ತೊಲೆ. ಅದರಲ್ಲಿ ಎರಡು ಕಡೆ ಮಾತ್ರ ಹಗ್ಗ ತಿಕ್ಕಿ ಮರ ಬೆಳ್ಳಗಾಗಿತ್ತು, ಅದೂ ಹೊಸದಾಗಿ. ಜೋಕಾಲಿಯ ಹಬ್ಬ ನಾಗರ ಪಂಚಮಿ ಮುಗಿದು ತಿಂಗಳೂ ಆಗಿರಲಿಲ್ಲ. ಇಷ್ಟು ನೋಡಿ ನೀಲಾಬಾಯಿ ಸುಮ್ಮನಿದ್ದಾಳೆಯೇ!

“ಅಣ್ಣಾರ, ಈ ಮನ್ಯಾಗ ಜೋಕಾಲಿ ಆಡಾವ್ರು ಯಾರ್ರಿ?”

“ನಮ್ಮ ತಂಗಿ ಲಲಿತಾ ಬರ್ತಾಳಲ್ರಿ, ಶಿರೂರಿಗೆ ಕೊಟ್ಟೇವಿ,” ಎಂದ ಮಾಳಿಂಗರಾಯ. “ಹತ್ತು ಕೆಲಸ ಇದ್ರೂ ಪಂಚಮಿಗೆ ಜೋಕಾಲಿ ನಾನ ಕಟ್ಟಬೇಕು ಅಕಿಗೆ.”

“ವಕೀಲರ ಮುಂದ ಇಬ್ಬರ ಅಂದ್ರಿ?”

“ಅಕಿ ಉಡಿ ತುಂಬಿ ಕಳಿಸೇವ್ರಿ ಅಕ್ಕಾರ. ಅಪ್ಪ ತೀರಿಕೊಂಡ ವರ್ಷ, ಹಿರ್ಯಾರ ಮುಂದ. ನನಗೇನೂ ಬ್ಯಾಡ ಅಂದು ಸೀರಿ-ಕುಬಸ ಉಡಿಯಾಗ ಹಾಕಿಸ್ಕೊಂಡು ಹೋದ್ಲು. ಮುಗೀತಲ್ಲ.”

ಅವನ ಮುಖದಲ್ಲಿ ಕಪಟದ ಲವಲೇಶವೂ ಇರಲಿಲ್ಲ. ತಂಗಿಗೆ ಕೈಯಾರೆ ಹಗ್ಗ ಕಟ್ಟುವ ಅಣ್ಣ ಅವನು. ಮನೆಯ ಲೆಕ್ಕಕ್ಕೆ ಬಂದಾಗ ತಂಗಿ ಒಬ್ಬಳಿದ್ದಾಳೆ ಎಂಬುದೇ ಅವನಿಗೆ ಹೊಳೆದಿರಲಿಲ್ಲ.

ನೀಲಾಬಾಯಿ ನೆಟ್ಟಗೆ ಬಸಯ್ಯನವರ ಹತ್ತಿರ ಹೋದಳು. ಕೇಳಿದ ಕೂಡಲೇ ಅವರು ಕನ್ನಡಕ ತೆಗೆದಿಟ್ಟರು.

“ಬಾಯಿಲೆ ಬ್ಯಾಡ ಅಂದ್ರ ಹಕ್ಕು ಹೋಗೂದಿಲ್ಲ ನೀಲಕ್ಕಾರ. ಅಪ್ಪ ಮೃತ್ಯುಪತ್ರ ಬರಿಯದ ಹೋಗ್ಯಾನ. ಅಂದ್ರ ಮಗಳಿಗೂ ಗಂಡಮಕ್ಕಳಷ್ಟ ಪಾಲು. ಅಕಿ ಹಕ್ಕುಬಿಡುಗಡೆ ಪತ್ರ ನೋಂದಣಿ ಮಾಡಿಸಿಕೊಡಬೇಕು, ಇಲ್ಲಾ ಖರೇದಿ ಪತ್ರಕ್ಕ ತಾನೂ ಸಹಿ ಹಾಕಬೇಕು. ಎರಡೂ ಇಲ್ಲಂದ್ರ ನಾಳೆ ಅಕಿ ಮಕ್ಕಳು ಬಂದು ನಿಮ್ಮ ಮ್ಯಾಲ ದಾವೆ ಹಾಕ್ತಾರ.”

ಅಣ್ಣತಮ್ಮಂದಿರು ತಂಗಿಯ ಹತ್ತಿರ ಹೋಗಲು ಹಿಂದೆಮುಂದೆ ನೋಡಿದರು. ಉಡಿ ತುಂಬಿದ ಮೇಲೆ ಸಹಿ ಕೇಳುವುದೆಂದರೆ ತಂಗಿಯನ್ನು ನಂಬದ ಹಾಗೆ ಎಂದು ಅವರ ಸಂಕಟ. ಕೊನೆಗೆ ನೀಲಾಬಾಯಿಯೇ ಶಿರೂರ ಬಸ್ಸು ಹತ್ತಿದಳು. ಮನೆಯ ಚಿಂತೆ ಅರ್ಧ. ಆ ಲಲಿತಾ ಎಂಬುವಳು ಹೇಗಿದ್ದಾಳೋ ನೋಡಬೇಕೆಂಬ ಕುತೂಹಲ ಇನ್ನರ್ಧ, ಸುಳ್ಳೇಕೆ ಹೇಳಲಿ.

ಲಲಿತಾ ಹಟ್ಟಿಯಲ್ಲಿ ಕುರಿಮರಿಗಳಿಗೆ ಸೊಪ್ಪು ಕಟ್ಟುತ್ತಿದ್ದಳು. ಚಹಾ ಕೊಟ್ಟಳು. ನೀಲಾಬಾಯಿ ಬಂದ ಕೆಲಸ ಹೇಳಿದಳು. ಲಲಿತಾ ಸೊಪ್ಪಿನ ಕಂತೆ ಕೆಳಗಿಟ್ಟಳು.

“ಮನಿ ಮಾರಾಕ ಹತ್ಯಾರೇನ್ರಿ?”

ಅವಳಿಗೆ ಗೊತ್ತೇ ಇರಲಿಲ್ಲ. ಕೈಗೆ ಬಂದ ತುತ್ತನ್ನು ತನ್ನ ಬಾಯಿಯೇ ಕಳೆಯಿತಲ್ಲ ಎಂದು ನೀಲಾಬಾಯಿ ತನ್ನನ್ನೇ ಬೈದುಕೊಂಡಳು. ಇವಳು ಒಲ್ಲೆ ಎಂದರೆ ದೀಪಾವಳಿಗೆ ಮತ್ತೆ ಗಂಟುಮೂಟೆ ಕಟ್ಟಬೇಕು.

ಲಲಿತಾ ಕಣ್ಣೊರೆಸಿಕೊಂಡು, “ಅವತ್ತ ಹಿರ್ಯಾರು ಬ್ಯಾಡ ಅನ್ನವಾ ಅಂದ್ರು, ಅಂದೆ. ಬೇಕು ಅಂದ್ರ ಪಂಚಮಿಗೆ ಕರಿಯಾಕ ಬರತಿದ್ರೋ ಇಲ್ಲೋ ಅಂತ ಅಂಜಿದ್ದೆ,” ಎಂದಳು. ಆಮೇಲೆ ನೀಲಾಬಾಯಿಯ ಮುಖವನ್ನೇ ನೋಡುತ್ತ ಕೇಳಿದಳು. “ನಿಮ್ಮ ತವರು ಯಾವೂರ್ರಿ ಅಕ್ಕಾರ?”

“ಬಾದಾಮಿ.”

“ಅಲ್ಲಿ ನಿಮ್ಮ ಪಾಲು ಏನಾತು?”

ಜಗತ್ತನ್ನೆಲ್ಲ ಕೇಳಿದವಳಿಗೆ ಈ ಒಂದನ್ನು ಯಾರೂ ಕೇಳಿರಲಿಲ್ಲ. ನೀಲಾಬಾಯಿ ಬರಿದಾದ ಚಹಾದ ಬಟ್ಟಲನ್ನೇ ತಿರುಗಿಸುತ್ತ ಕೂತಳು.

“ಹೋಗ್ಲಿ ಬಿಡ್ರಿ,” ಎಂದಳು ಲಲಿತಾ. “ನಾ ಹುನಗುಂದಕ್ಕ ಬರ್ತೇನಿ. ಸಹಿನೂ ಹಾಕ್ತೇನಿ. ಆದ್ರ ಬಿಟ್ಟುಕೊಡಾಕ ಅಲ್ಲ, ಮಾರಾಕ. ನನ್ನ ಪಾಲು ನನ್ನ ಕೈಯಾಗ ಬರಬೇಕು. ಹಂಗಂತ ನಮ್ಮ ಅಣ್ಣಗ ಹೇಳ್ರಿ.”

ಪ್ರಭುಲಿಂಗ ಎರಡು ದಿನ ಮುಖ ಊದಿಸಿಕೊಂಡಿದ್ದ. ಮಾಳಿಂಗರಾಯ ಮಾತ್ರ ತಾನೇ ಶಿರೂರಿಗೆ ಹೋಗಿ ತಂಗಿಯನ್ನು ಕರೆತಂದ. ನೋಂದಣಿ ಕಚೇರಿಯಲ್ಲಿ ಮೂವರೂ ಸಾಲಾಗಿ ನಿಂತು ಸಹಿ ಹಾಕಿ ಹೆಬ್ಬೆರಳು ಒತ್ತಿದರು, ಫೋಟೋ ತೆಗೆಸಿಕೊಂಡರು, ಹಣವನ್ನು ಮೂರು ಸಮಪಾಲು ಮಾಡಿ ಎಣಿಸಿಕೊಂಡರು. ಹೊರಗೆ ಬಂದು ಮಾಳಿಂಗರಾಯ, “ಮುಂದಿನ ಪಂಚಮಿಗೆ ನಮ್ಮ ಹೊಸ ಮನ್ಯಾಗ ಕಟ್ತೇನಿ, ಬಾ,” ಎಂದ. ಲಲಿತಾ ತಲೆ ಆಡಿಸಿದಳು.

ನೀಲಾಬಾಯಿಗೆ ಮನೆಯಾಯಿತು. ಕೀಲಿಕೈ ಸೆರಗಿನ ತುದಿಗೆ ಕಟ್ಟಿಕೊಂಡವಳು ನೇರ ತನ್ನ ಮನೆಗೆ ಓಡಬೇಕಿತ್ತು. ಬದಲಿಗೆ ಬಸಯ್ಯನವರ ಬಾಗಿಲಲ್ಲಿ ಬಂದು ನಿಂತಳು.

“ಇನ್ನೊಂದು ಕೇಳೂದಿತ್ರಿ.”

“ನಿಮ್ಮ ಪ್ರಶ್ನೆ ಮುಗಿಯೂ ಪೈಕಿ ಅಲ್ಲ ಬಿಡ್ರಿ,” ಎಂದು ವಕೀಲರು ನಕ್ಕರು. “ಈ ಸಲ ಯಾರದು?”

“ನಂದ್ರಿ. ಬಾದಾಮ್ಯಾಗ ನಮ್ಮಪ್ಪಂದೊಂದು ಮನಿ ಐತಿ, ತಮ್ಮಂದಿರು ಅದಾರ.”

“ಯಾವುದಕ್ಕರ ಸಹಿ ಹಾಕೀರೇನು?”

“ಇಲ್ರಿ,” ಎಂದಳು ನೀಲಾಬಾಯಿ. “ಉಡಿ ತುಂಬಿಸ್ಕೊಂಡು ಬಂದೇನಿ.”

ಬಸಯ್ಯನವರ ನಗು ನಿಂತಿತು. ಕುರ್ಚಿ ತೋರಿಸಿ, ಕೂಡ್ರಿ ಎಂದರು.