ಗೋಡೆಯ ಕಡೆ ತಿರುಗಿದ ಕುರ್ಚಿ

ಗೆಳೆಯರೇ, ನಮ್ಮ ಓಣಿಗೆ ಕೈಪಂಪು ಹಾಕುವುದೆಂದು ಇವತ್ತು ಮಂಡಲ ಪಂಚಾಯ್ತಿ ಸಭೆಯಲ್ಲಿ ತೀರ್ಮಾನವಾಯಿತು. ಪ್ರಧಾನರಿಗೆ ಅದು ತಮ್ಮ ಮನೆಯ ಮುಂದೆ ಬೇಕಿತ್ತು. ಸದಸ್ಯರ ಕೈ ಎತ್ತಿಸಿ, "ಎರಡೂ ಕಡೆ ಸಮ ಆತು. ಇನ್ನ ನಂದೇ ಕಡೀ ಮಾತು," ಎಂದರು.

ನಾನು ಕಿಟಕಿಯ ಹೊರಗೆ ನಿಂತಿದ್ದೆ. "ನೀಲವ್ವಾರೂ ನಮ್ಮ ಓಣಿಗೆ ಕೈ ಎತ್ಯಾರ್ರಿ," ಎಂದೆ.

ನೀಲವ್ವ ಸದಸ್ಯೆ, ಪ್ರಧಾನರ ತಮ್ಮನ ಹೆಂಡತಿ. ಗಂಡನ ಅಣ್ಣನ ಎದುರು ಕುರ್ಚಿಯಲ್ಲಿ ಕೂರಬಾರದೆಂದು ಸಭೆ ಮುಗಿಯುವ ತನಕ ಹೊಸ್ತಿಲಿನಾಚೆ ಸೆರಗು ಹೊದ್ದು ಕೂತಿರುತ್ತಾರೆ.

"ಸಾಲಿ ಬಿಟ್ಟಾಂವ ನಮಗ ಲೆಕ್ಕ ಕಲಸ್ತಿ ಏನಲೇ? ಹೊರಗ ಕುಂತವರ ಕೈ ಲೆಕ್ಕಕ್ಕ ಹಿಡಿಯಂಗಿಲ್ಲ," ಎಂದರು ಪ್ರಧಾನರು.

ನೀಲವ್ವ ಎದ್ದು ಒಳಗೆ ಬಂದರು. ಖಾಲಿ ಕುರ್ಚಿಯೊಂದನ್ನು ಗೋಡೆಯ ಕಡೆ ತಿರುಗಿಸಿ, ಪ್ರಧಾನರಿಗೆ ಬೆನ್ನು ಮಾಡಿ ಕೂತು, ಕೈ ಎತ್ತಿದರು.

"ಈಗ ಎಣಸ್ರಿ."

ಎಣಿಸಲೇಬೇಕಾಯಿತು. ಇನ್ನು ನಮ್ಮವ್ವ ಹೊಳೆಯಿಂದ ಕೊಡ ಹೊತ್ತು ತರುವುದು ತಪ್ಪುತ್ತದೆ. ನೀಲವ್ವ ತಾಯಿಗೆ ಕೈ ಮುಗಿದು ಬಂದೆ.

ಪ್ರಧಾನರು ಮಾತ್ರ ಸಿಟ್ಟಿನಲ್ಲೇ ಊಟಕ್ಕೆ ಮನೆಗೆ ಹೋದರು. ಆ ಮನೆಯಲ್ಲಿ ರೊಟ್ಟಿ ಬಡಿಯುವವರೂ ನೀಲವ್ವನೇ.