ಓಬವ್ವ ಎತ್ತಿಟ್ಟ ಇಟ್ಟಿಗೆ

ಹೆಸರು ಓಬವ್ವ, ಎದೆ ಮಾತ್ರ ಗುಬ್ಬಚ್ಚಿಯದು. ಜಗಳೂರಿನ ಬಸ್ಸು ತಿರುವಿನಲ್ಲಿ ಒಂಚೂರು ವಾಲಿದರೂ ಸಾಕು, ಮುಂದಿನ ಸೀಟಿನ ಕಂಬಿ ಹಿಡಿದು ಕಣ್ಣು ಮುಚ್ಚಿಬಿಡುತ್ತಿದ್ದಳು. ಅಂಥವಳ ಗಂಡ ಹನುಮಣ್ಣ ಎಪ್ಪತ್ತೆಂಟನೇ ಇಸವಿಯಲ್ಲಿ ಶೇಂಗಾ ಹೇರಿದ ಗಾಡಿಯ ಮೇಲಿಂದ ಬಿದ್ದು ತೊಡೆಮೂಳೆ ಮುರಿದುಕೊಂಡ. ದೊಡ್ಡಾಸ್ಪತ್ರೆಯಲ್ಲಿ ಅವನ ಕಾಲಿಗೆ ಪಟ್ಟಿ ಅಂಟಿಸಿ, ಹಗ್ಗ ಕಟ್ಟಿ, ಅದನ್ನು ಮಂಚದ ತುದಿಯ ರಾಟೆಯ ಮೇಲೆ ಹಾಯಿಸಿ, ಕೊನೆಗೆ ಬಟ್ಟೆ ಸುತ್ತಿದ ಎರಡು ಇಟ್ಟಿಗೆ ತೂಗಬಿಟ್ಟರು. ನೋಡಿದ್ದೇ ತಡ, ಓಬವ್ವ ಮಂಚದ ಕಂಬಿ ಹಿಡಿದು ಕಣ್ಣು ಮುಚ್ಚಿದಳು.

"ಇಟ್ಟಿಗೆ ಯಾರೂ ಮುಟ್ಟಬಾರದು, ನೆಲಕ್ಕೂ ತಾಗಬಾರದು," ಎಂದರು ನರ್ಸ್ ಅಂಜಿನಮ್ಮ. "ಬೆರಳು ಆಡಿಸ್ತಿರಲಿ. ಬೆನ್ನಿಗೆ ಹುಣ್ಣಾಗದಂಗೆ ದಿನಾ ಒರೆಸಿ ಪೌಡರ್ ಹಾಕ್ರಿ. ಹಾಸಿಗೆ ಸುಕ್ಕಾಗಾಕೆ ಬಿಡಬ್ಯಾಡ್ರಿ."

ಓಬವ್ವ ಒಂದನ್ನೂ ತಪ್ಪಿಸಲಿಲ್ಲ. ತಪ್ಪಿದ್ದು ಒಂದೇ ಒಂದರಲ್ಲಿ. ಡಾಕ್ಟರು ನೋಡಿ ಹೋದ ಮೇಲೆ, ಮಧ್ಯಾಹ್ನದ ಹೊತ್ತಿಗೆ ಹನುಮಣ್ಣ ಹಲ್ಲು ಕಚ್ಚಿ ನರಳುತ್ತಿದ್ದ. "ಎಳೆದು ಎಳೆದು ಜೀವ ಹೋಗ್ತೈತೆ ಕಣೇ. ಒಂದು ಗಳಿಗೆ ಎತ್ತಿಡು." ಕಟ್ಟಿಕೊಂಡವನ ನರಳಾಟ ಎಷ್ಟು ದಿನ ಕೇಳುವುದು? ಸ್ಟೂಲು ಎಳೆದು ಇಟ್ಟಿಗೆಯನ್ನು ಅದರ ಮೇಲೆ ಕೂರಿಸಿದಳು. ಅವನು ಮಗುವಿನ ಹಾಗೆ ನಿದ್ದೆಹೋದ. ಅಂದಿನಿಂದ ದಿನಾ ಇದೇ ಆಯಿತು. ಅವನು ಮಲಗಿದಷ್ಟು ಹೊತ್ತೂ ಈಕೆ ಬಾಗಿಲಲ್ಲಿ ನಿಂತು, ಬಿಳಿ ಸೀರೆ ಕಂಡರೆ ಓಡಿಬಂದು ಇಟ್ಟಿಗೆ ಇಳಿಬಿಡುವಳು.

ಮೂರನೇ ವಾರ ಅಂಜಿನಮ್ಮ ಟೇಪು ಹಿಡಿದು ಎರಡೂ ಕಾಲು ಅಳೆದರು. ಮತ್ತೆ ಅಳೆದರು. ಮುರಿದ ಕಾಲು ಒಂದೂವರೆ ಇಂಚು ಗಿಡ್ಡ. ಡಾಕ್ಟರು ಎಲ್ಲರೆದುರು ಅಂಜಿನಮ್ಮನನ್ನೇ ಬೈದು, ಇನ್ನೊಂದು ಇಟ್ಟಿಗೆ ಕಟ್ಟಿಸಿದರು. ಓಬವ್ವ ತಡೆಯಲಾರದೆ ಕಾರಿಡಾರಿನಲ್ಲಿ ಅಂಜಿನಮ್ಮನ ಸೆರಗು ಹಿಡಿದು ಎಲ್ಲ ಹೇಳಿಬಿಟ್ಟಳು.

ಅಂಜಿನಮ್ಮ ಗದರಲಿಲ್ಲ. "ಎಳೆಯೋದು ನಿಂತ ಕೂಡ್ಲೆ ಮಾಂಸ ಬಿಗೀತೈತೆ, ಮುರಿದ ಮೂಳೆ ಒಂದರ ಮೇಲೊಂದು ಏರ್ತೈತೆ. ಹಂಗೇ ಕೂಡಿಕೊಂಡ್ರೆ ಕುಂಟೇ ಗತಿ, ತಾಯಿ."

"ನಮ್ಮ ಮನೆಯೋರಿಗೆ ಮಾತ್ರ ಹೇಳಬ್ಯಾಡ್ರಿ," ಎಂದಳು ಓಬವ್ವ.

ಡಾಕ್ಟರಿಗೆ ತಿಳಿಯಿತು, ಹನುಮಣ್ಣನಿಗೆ ತಿಳಿಯಲಿಲ್ಲ. ಆಮೇಲೆ ಅವನು ಎಷ್ಟು ಬೇಡಿದರೂ ಅವಳು ಎತ್ತಿಡಲಿಲ್ಲ. ಆದರೂ ಒಂದು ಇಂಚು ಗಿಡ್ಡವಾಗಿಯೇ ಉಳಿಯಿತು. ಎಡಗಾಲಿನ ಚಪ್ಪಲಿಗೆ ಟೈರಿನ ದಪ್ಪ ಅಟ್ಟೆ ಹೊಲಿಸಿಕೊಂಡು ಹನುಮಣ್ಣ ಊರು ಸೇರಿದ. ಸುಮ್ಮನಿರುವ ಜಾತಿಯೇ ಅವನು? ಕಟ್ಟೆಯ ಮೇಲೆ ಕೂತು ಬಂದವರಿಗೆಲ್ಲ ಹೇಳುವನು: "ಆ ಆಸ್ಪತ್ರೆಯೋರು ಕಟುಕರು. ನನ್ನ ಕಾಲು ಕೆಡಿಸಿದ್ರು. ನಮ್ಮ ಮನೆಯಾಕಿ ಇಟ್ಟಿಗೆ ಎತ್ತಿಡದಿದ್ರೆ ಸತ್ತೇ ಹೋಗ್ತಿದ್ದೆ." ಆ ಹೊಗಳಿಕೆ ಕಿವಿಗೆ ಬಿದ್ದಾಗಲೆಲ್ಲ ಓಬವ್ವ ಒಳಗೆ ಸರಿದುಬಿಡುವಳು. ನಿಜ ಗೊತ್ತಾದ ದಿನ ಈ ಮನುಷ್ಯ ನನ್ನ ಮುಖ ನೋಡಿಯಾನೇ? ಆರು ವರ್ಷ ಇದೇ ಭಯದಲ್ಲಿ ಬೆಂದಳು.

ಎಂಬತ್ನಾಲ್ಕರಲ್ಲಿ ಪಕ್ಕದ ಮನೆಯ ಕೊಟ್ರಬಸಪ್ಪ ತೊಡೆ ಮುರಿದುಕೊಂಡು ಅದೇ ಆಸ್ಪತ್ರೆ ಸೇರಿದ. ಅವನನ್ನು ನೋಡಿಬಂದ ಹನುಮಣ್ಣ ಒಲೆಯ ಮುಂದೆ ಕೂತು ಹೇಳಿದ: "ಅವನ ಹೆಂಡ್ತಿ ಸುಂಕಲಮ್ಮಗೆ ಹೇಳಿಕೊಟ್ಟು ಬಂದೆ. ಮಧ್ಯಾಹ್ನ ಯಾರೂ ಇಲ್ದಾಗ ನಮ್ಮ ಓಬವ್ವ ಮಾಡಿದಂಗೇ ಮಾಡು ಅಂತ."

ತಟ್ಟುತ್ತಿದ್ದ ರೊಟ್ಟಿ ಅಲ್ಲೇ ನಿಂತಿತು. ಬಾಯಿ ಬಿಟ್ಟರೆ ತನ್ನ ಬಾಳು ಹಾಳು, ಬಿಡದಿದ್ದರೆ ಇನ್ನೊಬ್ಬನ ಕಾಲು. ಓಬವ್ವ ಗಂಡನ ಕಡೆ ನೋಡದೆಯೇ ಹೇಳಿದಳು: "ನಿಮ್ಮ ಕಾಲು ಕೆಡಿಸಿದ್ದು ಆಸ್ಪತ್ರೆಯೋರಲ್ಲ. ನಾನು. ಇಟ್ಟಿಗೆ ಎತ್ತಿಟ್ಟಿದ್ದಕ್ಕೇ ಗಿಡ್ಡ ಆಯ್ತು."

ಹನುಮಣ್ಣ ಎದ್ದು ಹೊರಗೆ ಕಟ್ಟೆಗೆ ಹೋದ. ಉಣ್ಣಲೂ ಬರಲಿಲ್ಲ. ಬೆಳಗಿನ ಬಸ್ಸಿಗೆ ಅವಳು ಒಬ್ಬಳೇ ಆಸ್ಪತ್ರೆಗೆ ಹೊರಟಳು.

ಮಧ್ಯಾಹ್ನ ವಾರ್ಡಿಗೆ ಕಾಲಿಟ್ಟಾಗ ಇಟ್ಟಿಗೆ ಸ್ಟೂಲಿನ ಮೇಲೆ ಕೂತಿತ್ತು. ಕೊಟ್ರಬಸಪ್ಪ ನಿದ್ದೆಯಲ್ಲಿದ್ದ. ಸುಂಕಲಮ್ಮ ತುಟಿಯ ಮೇಲೆ ಬೆರಳಿಟ್ಟು ನಕ್ಕಳು. ಓಬವ್ವ ಸೀದಾ ಹೋಗಿ ಇಟ್ಟಿಗೆ ಇಳಿಬಿಟ್ಟಳು. ಕೊಟ್ರಬಸಪ್ಪ ಕಿರುಚಿಕೊಂಡ. ವಾರ್ಡಿಗೆ ವಾರ್ಡೇ ತಿರುಗಿತು. ಓಬವ್ವ ಮಂಚದ ಕಂಬಿ ಹಿಡಿದು ನಿಂತಳು, ಕಣ್ಣು ಮಾತ್ರ ಮುಚ್ಚಲಿಲ್ಲ.

"ನಿನಗೇನು ಕಣ್ಣುರಿ? ನಿನ್ನ ಗಂಡನಿಗೆ ಒಂದು ನ್ಯಾಯ, ನನ್ನ ಗಂಡನಿಗೆ ಒಂದಾ?" ಎಂದು ಸುಂಕಲಮ್ಮ ಮೇಲೆ ಬಿದ್ದಳು.

ಅಷ್ಟರಲ್ಲಿ ಬಾಗಿಲ ಕಡೆಯಿಂದ ಒಂದು ಹೆಜ್ಜೆ ಗಟ್ಟಿ, ಒಂದು ಹೆಜ್ಜೆ ಮೆಲ್ಲಗೆ ಕೇಳಿಸಿತು. ಅವಳ ಹಿಂದೆಯೇ ಇನ್ನೊಂದು ಬಸ್ಸಿಗೆ ಬಂದಿದ್ದ ಹನುಮಣ್ಣ. ಸುಂಕಲಮ್ಮನ ಮುಂದೆ ಎಡಗಾಲಿನ ಚಪ್ಪಲಿ ಕಳಚಿ, ಬರಿಗಾಲಲ್ಲಿ ಒಂದು ಪಕ್ಕಕ್ಕೆ ವಾಲಿ ನಿಂತ.

"ಇಟ್ಟಿಗೆ ಎತ್ತಿಟ್ಟರೆ ಹಿಂಗಾಗ್ತೈತೆ, ತಂಗಿ. ನಾನು ತಪ್ಪು ಹೇಳಿಕೊಟ್ಟೆ. ಆಕಿ ಹೇಳಿದಂಗೆ ಕೇಳು."

ಓಬವ್ವನ ಕಡೆ ಮಾತ್ರ ಅವನು ತಿರುಗಿ ನೋಡಲಿಲ್ಲ.