ಗಟಾರದ ಕರಕ್ಕೆ ಕೈಯೆತ್ತಿದ ಬಣ್ಣದ ಕಾಕಾ

ಬಣ್ಣದ ಕಾಕಾ ಅವರ ಉಗುರುಗಳ ಬುಡದಲ್ಲಿ ಕೆಂಪು ನಿಂತುಬಿಟ್ಟಿತ್ತು. ಸೀರೆಯ ನೂಲಿಗೆ ಬಣ್ಣ ಹಾಕುವ ಕೆಲಸ ಬಿಟ್ಟು ಎಷ್ಟೋ ವರ್ಷಗಳಾಗಿದ್ದರೂ ಅದು ಹೋಗಿರಲಿಲ್ಲ. ರೊಟ್ಟಿ ಮುರಿಯುವಾಗ ನಾನು ಆ ಬೆರಳುಗಳನ್ನೇ ನೋಡುತ್ತಿದ್ದೆ. ಎರಡೂ ಕೈಯಲ್ಲಿತ್ತೋ, ಬಲಗೈಯಲ್ಲಷ್ಟೇ ಇತ್ತೋ, ಈಗ ಖಾತ್ರಿಯಿಲ್ಲ.

ಇಳಕಲ್ಲಿನ ಕಾಲೇಜಿನಲ್ಲಿ ಪಾಠ ಮಾಡುತ್ತಿದ್ದಾಗ ನಾನು ಅವರ ಮನೆಯ ಮಹಡಿಯ ಕೋಣೆಯಲ್ಲಿ ಬಾಡಿಗೆಗಿದ್ದೆ. ಅವರ ಹೆಂಡತಿ ತೀರಿಕೊಂಡಿದ್ದರು, ಮಕ್ಕಳಿರಲಿಲ್ಲ. ಸಂಜೆ ಓಣಿಯ ನಾಲ್ಕೈದು ಜನ ಅವರ ಕಟ್ಟೆಗೆ ಬಂದು ಕೂರುತ್ತಿದ್ದರು. ಕಾಕಾ ಸಕ್ಕರೆ ಹೆಚ್ಚು ಹಾಕಿ ಚಹಾ ಮಾಡುತ್ತಿದ್ದರು. ಯಾರಾದರೂ ಎದ್ದರೆ, ಮನೆಗೆ ಹೋಗಿ ಏನು ಕಡಿದು ಹಾಕುವುದಿದೆ ಎಂದು ಮತ್ತೆ ಕೂರಿಸುತ್ತಿದ್ದರು. ಆ ಕಟ್ಟೆಯೇ ಅವರ ಸಂಸಾರ.

ಮಳೆ ಬಂದರೆ ಓಣಿಯ ತಗ್ಗಿನ ಮನೆಗಳಿಗೆ ಗಟಾರದ ನೀರು, ಅದರ ಜೊತೆ ಕಸ, ನುಗ್ಗುತ್ತಿತ್ತು. ಮಳೆನೀರಿಗೆ ಹೊಸ ಗಟಾರ ಕಟ್ಟಿಸಿ, ಮನೆಮನೆಯ ಕಸಕ್ಕೆ ಗಾಡಿ ಕಳಿಸಿ, ಎರಡಕ್ಕೂ ಕರ ಹಾಕುವ ವಿಚಾರದಿಂದ ನಗರಸಭೆಯವರು ವಾರ್ಡಿನ ಸಭೆ ಕರೆದರು. ಒಪ್ಪುವುದು ಬೇಡ ಎಂದು ಹಿಂದಿನ ಸಂಜೆ ಕಟ್ಟೆಯ ಮೇಲೇ ತೀರ್ಮಾನವಾಯಿತು. ಎಲ್ಲರೂ ಹೋದ ಮೇಲೆ ನಾನು ಕಾಕಾಗೆ ಪಾಠ ಶುರು ಮಾಡಿದೆ. ಧಾರವಾಡದಲ್ಲಿ ಓದಿ ಬಂದ ಹುರುಪು. ನಮ್ಮ ಮಾಳಿಗೆಯ ನೀರು, ನಮ್ಮ ಕಸ ಕೆಳಗಿನವರ ಮನೆಗೆ ಹೋಗುವಾಗ ಖರ್ಚು ನಮ್ಮದೇ ಅಲ್ಲವೇ ಎಂದೆ. ಅವರು ಕಟ್ಟೆಯ ಮುಂದಿನ ಗಟಾರದ ಕಡೆ ಬೆರಳು ತೋರಿಸಿದರು.

"ನಲವತ್ತ ವರ್ಷ ಬಣ್ಣದ ನೀರ ಇದರಾಗ ಬಿಟ್ಟೇನ್ರಿ ಮಾಸ್ತರ. ತಗ್ಗಿನ ಮನಿಯವ್ರ ಬಾಗಲಾ ಮುಂದ ಕೆಂಪಗ ಹರೀತಿತ್ತು. ಒಬ್ಬರೂ ಏನೂ ಅನ್ನಲಿಲ್ಲ. ನಾಳೆ ನಾ ಕೈ ಎತ್ತತೇನಿ. ನೀವೂ ಎತ್ತತೀರಲ್ಲ?"

ಎತ್ತುತ್ತೇನೆ ಎಂದೆ.

ಸಭೆಯಲ್ಲಿ ಕಾಕಾ ಮುಂದಿನ ಸಾಲಿನಲ್ಲಿದ್ದರು, ನಾನು ಹಿಂದೆ ಗೋಡೆಯ ಬಳಿ. ಕರಕ್ಕೆ ಒಪ್ಪುವವರು ಯಾರು ಎಂದು ಕೇಳಿದಾಗ ಅವರ ಕೈ ನೇರ ಮೇಲೆ ಹೋಯಿತು. "ಕಾಕಾ ನಗರಸಭೀಗೆ ಅಳಿಯ ಆಗ್ಯಾನೇನಲೇ" ಎಂದು ಯಾರೋ ಅಂದರು. ಸಭೆ ನಕ್ಕಿತು. ನನ್ನ ಕೈ ಹೆಗಲಿನ ಮಟ್ಟಕ್ಕಾದರೂ ಬಂದಿತ್ತು ಎಂದು ಎಷ್ಟೋ ದಿನ ನಂಬಿದ್ದೆ. ಆದರೆ ನೆನಪಿಸಿಕೊಂಡಾಗಲೆಲ್ಲ ಒದ್ದೆ ಕೊಡೆಯ ಹಿಡಿ ಅಂಗೈಗೆ ತಾಗುತ್ತದೆ. ಅದನ್ನು ಎರಡೂ ಕೈಯಲ್ಲಿ ಹಿಡಿದುಕೊಂಡೇ ಇದ್ದೆ ಅನ್ನಿಸುತ್ತದೆ. ಕಾಕಾ ತಿರುಗಿ ನೋಡಲಿಲ್ಲ. ಅದೊಂದು ಖಂಡಿತ.

ಮರುದಿನದಿಂದ ಕಟ್ಟೆ ಖಾಲಿ. ಕಾಕಾ ಚಹಾಕ್ಕೆ ನೀರಿಟ್ಟು ಬಾಗಿಲಲ್ಲಿ ನಿಲ್ಲುತ್ತಿದ್ದರು. ಕರೆದರೆ ಜನ ಕೆಲಸವಿದೆ ಎಂದು ದಾಟಿ ಹೋಗಿ, ನಾಲ್ಕು ಮನೆ ಆಚೆ ಕೂರುತ್ತಿದ್ದರು. ಅಲ್ಲಿನ ನಗು ನಮಗೆ ಕೇಳಿಸುತ್ತಿತ್ತು. ನಾನು ಅವರ ಜೊತೆ ಕೂತು ಚಹಾ ಕುಡಿದೆ. ಸಭೆಯ ಮಾತು ಅವರೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಅಷ್ಟರಲ್ಲಿ ಬಾಗಲಕೋಟೆಗೆ ನನ್ನ ವರ್ಗವಾಯಿತು.

ಓಣಿ ಒಪ್ಪದಿದ್ದರೂ ಕರ ಕೊನೆಗೂ ಬಂತು. ಗಟಾರವಾಯಿತು, ತಗ್ಗಿನ ಮನೆಗಳಿಗೆ ನೀರು ನುಗ್ಗುವುದು ನಿಂತಿತು. ಕಟ್ಟೆಗೆ ಮಾತ್ರ ಯಾರೂ ಮರಳಲಿಲ್ಲ. ಬೆಳಿಗ್ಗೆ ಹಾಡು ಹಾಕಿಕೊಂಡು ಬರುವ ಕಸದ ಗಾಡಿಯ ಹೆಣ್ಣುಮಗಳ ಜೊತೆ ಕಾಕಾ ಮಾತಾಡುತ್ತಿದ್ದರಂತೆ. ಹಸಿಕಸ, ಒಣಕಸ ಎರಡನ್ನೂ ಒಟ್ಟಿಗೆ ತರುತ್ತಿರಲಿಲ್ಲವಂತೆ. ಒಂದು ಬುಟ್ಟಿ ಕೊಟ್ಟು, ಇನ್ನೊಂದನ್ನು ತರಲು ಒಳಗೆ ಹೋಗುತ್ತಿದ್ದರಂತೆ, ಆಕೆ ಇನ್ನೊಂದಿಷ್ಟು ಹೊತ್ತು ನಿಲ್ಲಲಿ ಎಂದು.

ಇದನ್ನು ಆಕೆಯೇ ನನಗೆ ಹೇಳಿದಳು, ಕಾಕಾ ತೀರಿಕೊಂಡ ದಿನ. ನಾನು ಬಸ್ಸಿನಲ್ಲಿ ಬಂದು ತಲುಪುವಷ್ಟರಲ್ಲಿ ಮಣ್ಣು ಮುಗಿದಿತ್ತು. ಓಣಿಯವರೆಲ್ಲ ಬಂದು ಹೋಗಿದ್ದರು. ಆಕೆಯೊಬ್ಬಳೇ ಕಟ್ಟೆಯ ಬದಿಗೆ ನಿಂತಿದ್ದಳು.

"ಮ್ಯಾಲಿನ ಖೋಲ್ಯಾಗ ಇದ್ದ ಮಾಸ್ತರ ನೀವೇನ್ರಿ? ಕಾಕಾ ಭಾಳ ನೆನಸ್ತಿದ್ರು. ಓಣಿ ಎಲ್ಲಾ ಒಂದ ಕಡೆ, ನಾನೂ ನಮ್ಮ ಮಾಸ್ತರೂ ಒಂದ ಕಡೆ, ಇಬ್ಬರ ಕೈ ಎತ್ತಿದ್ವಿ ಅಂತಿದ್ರು. ಖರೇನ್ರಿ?"

ಅವರು ಹಾಗೆಂದು ನಂಬಿದ್ದರೋ, ಒಬ್ಬನೇ ಇದ್ದೆ ಎಂದು ಹೇಳಿಕೊಳ್ಳಲಾರದೆ ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡರೋ, ಇನ್ನು ಕೇಳುವ ಹಾಗಿಲ್ಲ. ಆಕೆ ಉತ್ತರಕ್ಕೆ ಕಾಯುತ್ತಿದ್ದಳು.

ಹೌದವ್ವಾ, ಖರೆ ಎಂದೆ.